ಜುಲೈ ತಿಂಗಳ ಹಿಮ

೧
ಎಲ್ಲಿಂದ ಶುರು ಮಾಡಲಿ? ಚೆಕ್ ದೇಶದ ಬೊಹೀಮಿಯಾದಲ್ಲಿರುವ ಚೆಸ್ಕಿ ಕ್ರುಮ್ಲೋವ್ ಎಂಬ ಹಳೇ ಊರಿನಿಂದಲೋ, ಆಸ್ಟ್ರೇಲಿಯಾದ ಪರ್ತ್‌ನ ಜೂಂಡಲಪ್‌ನಲ್ಲಿ ಹಗಲಲ್ಲೂ ಪರದೆ ಎಳೆದುಕೊಂಡು ಕೂತ ರುಕ್ಮಿಣಿಯಿಂದಲೋ? ಊರಿನಿಂದಲೇ ಆಗಲಿ. ನದಿ ಊರನ್ನು ಬಳಸಿ ಹರಿಯುತ್ತದೆ. ಬಂಡೆಯ ಮೇಲೆ ಏಳು ಶತಮಾನ ದಾಟಿದ ಕೋಟೆ. ಅದರ ಗೋಡೆಗಳ ತುಂಬ ಕಡಿದು ಕೂರಿಸಿದ ಕಲ್ಲು...

(ಆ ಸಾಲನ್ನು ಹೊಡೆದುಹಾಕಿದೆ. ಅದು ಕಲ್ಲಲ್ಲ. ಗಾರೆಯ ಮೇಲೆ ಗೆರೆ ಕೊರೆದು, ನೆರಳು ಬಳಿದು, ಕಲ್ಲೆಂದು ನಂಬಿಸಿದ್ದಾರೆ.)

೨
ಮದುವೆಯ ಬೆಳ್ಳಿಹಬ್ಬದ ನೆಪದಲ್ಲಿ, 2014ರ ಜುಲೈನಲ್ಲಿ, ರುಕ್ಮಿಣಿ ಗಂಡ ಸೋಮಶೇಖರನ ಜೊತೆ ಅಲ್ಲಿಗೆ ಹೋಗಬೇಕಿತ್ತು. ಊರು, ಟಿಕೆಟ್ಟು, ಹೋಟೆಲ್ಲು ಎಲ್ಲ ಅವನೇ ಆರಿಸಿದ್ದ. ಜೂನ್‌ನಲ್ಲಿ ಮನೆ ಬಿಟ್ಟ. ಈಗ ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆ.

ಅಡಿಲೇಡ್‌ನಲ್ಲಿ ಆರ್ಕಿಟೆಕ್ಚರ್ ಓದುವ ಮಗಳು ಅನನ್ಯಾಗೆ ಇದು ಗೊತ್ತಿಲ್ಲ. ಟ್ರಿಪ್ ಹೇಗಿತ್ತು ಅಂತ ಅವಳು ಕೇಳಿದಾಗ ರುಕ್ಮಿಣಿ "ಚೆನ್ನಾಗಿತ್ತು" ಅಂದುಬಿಟ್ಟಳು. ಅಪ್ಪನೂ ಫೋನಿನಲ್ಲಿ ಹೂಂಗುಟ್ಟಿದನಂತೆ.

ಸುಳ್ಳಿಗೆ ಒದಗಲೆಂದು ರುಕ್ಮಿಣಿ ಊರಿನ ಚರಿತ್ರೆ ಓದಿದಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಜರ್ಮನ್ ಮಾತಾಡುವವರನ್ನು ಹೊರಹಾಕಿದರು. ಮನೆಗಳು ನಿಂತವು, ಒಳಗಿದ್ದವರು ಹೋದರು. ಆ ಸಾಲನ್ನು ಎರಡು ಸಲ ಓದಿದಳು.

೩
ಇಲ್ಲಿ ಸೋಮಶೇಖರನನ್ನು ಆಕ್ಸಿಡೆಂಟಿನಲ್ಲಿ ಸಾಯಿಸಿ ನೋಡಿದೆ. ಕಥೆ ಸಲೀಸಾಯಿತು. ರುಕ್ಮಿಣಿ ಸಿಟ್ಟಾದಳು.

"ಬೇಡ ಮೇಡಂ. ಸತ್ರೆ ಇಡೀ ಕನ್ನಡ ಸಂಘ ಬಿಸಿಬೇಳೆಬಾತ್ ಡಬ್ಬಿ ಹಿಡ್ಕೊಂಡು ಬರತ್ತೆ. ಬಿಟ್ಟುಹೋದ್ರೆ ಒಬ್ರೂ ಬರಲ್ಲ. ಇದ್ದದ್ದನ್ನೇ ಬರೀರಿ."

"ಮಗಳಿಗೆ ಇದ್ದದ್ದು ಹೇಳಿದ್ರಾ?"

"ಅದೆಲ್ಲ ನಿಮಗ್ಯಾಕೆ? ಬರೀರಿ ಸುಮ್ನೆ."

೪
ಅನನ್ಯಾಗೆ ಅಸೈನ್‌ಮೆಂಟಿಗೆ ಟ್ರಿಪ್ಪಿನಲ್ಲಿ ತೆಗೆದ ಆ ಕೋಟೆ ಗೋಡೆಗಳ ಫೋಟೊ ಬೇಕಾಯಿತು. ರುಕ್ಮಿಣಿ ಇಂಟರ್ನೆಟ್‌ನಲ್ಲಿ ಹುಡುಕಿ, ಹೆಂಚಿನ ಮೇಲೆಲ್ಲ ಹಿಮ ಬಿದ್ದಿದ್ದನ್ನೇ ಆರಿಸಿದಳು. ಜುಲೈ ಅಲ್ಲವೇ, ಚಳಿಗಾಲ, ಹೀಟರ್ ಹಾಕುವ ಕಾಲ. ಪರ್ತ್‌ನಲ್ಲಿ ಅಷ್ಟು ವರ್ಷ ಕಳೆದವಳಿಗೆ, ಬೊಹೀಮಿಯಾದಲ್ಲಿ ಆಗ ಬೇಸಿಗೆ ಅನ್ನುವುದು ಹೊಳೆಯಲೇ ಇಲ್ಲ.

ಕಳಿಸಿದ ಸ್ವಲ್ಪ ಹೊತ್ತಿಗೇ ಫೋನ್.

"ಅಮ್ಮಾ, ಇಟ್ಸ್ ಸಮ್ಮರ್ ದೇರ್. ಜುಲೈನಲ್ಲಿ ಸ್ನೋ?"

೫
ಒಂದು ಮುಕ್ತಾಯ: ಅನನ್ಯಾ ಬ್ರಿಸ್ಬೇನ್‌ಗೆ ಹಾರಿ ಅಪ್ಪನ ಬಾಗಿಲು ಬಡಿಯುತ್ತಾಳೆ. (ಧಾರಾವಾಹಿಯ ವಾಸನೆ.)

ಇನ್ನೊಂದು: "ಈಗೆಲ್ಲಾ ಹವಾಮಾನ ಕೆಟ್ಟೋಗಿದೆ ಕಣೇ" ಅನ್ನುತ್ತಾಳೆ ರುಕ್ಮಿಣಿ. (ಇದನ್ನು ಸೂಚಿಸಿದ್ದು ಅವಳೇ. ಇಬ್ಬರೂ ನಕ್ಕೆವು. ನಗು ಬೇಗ ನಿಂತಿತು.)

ಎರಡನ್ನೂ ಹೊಡೆದುಹಾಕಿದೆ.

"ಅಮ್ಮಾ? ಆರ್ ಯೂ ದೇರ್?"

ಫೋಟೊದ ಒಂದು ಮೂಲೆಯಲ್ಲಿ ಗಾರೆ ಉದುರಿತ್ತು. ಒಳಗಿನ ಒರಟು ಗೋಡೆ ಕಾಣುತ್ತಿತ್ತು. ರುಕ್ಮಿಣಿ ಅದನ್ನು ಈಗಷ್ಟೇ ನೋಡಿದಳು.

"ಇಲ್ಲಿ ಚಳಿ ಇತ್ತು ಪುಟ್ಟಿ. ನಾನು ಇಲ್ಲೇ ಇದ್ದೆ. ಒಬ್ಳೇ."

ಮುಂದಿನ ಮಾತು ಅನನ್ಯಾಳದು. ಅದನ್ನು ನಾನು ಬರೆಯುವುದಿಲ್ಲ, ಓದುಗರೇ, ನನಗೂ ಗೊತ್ತಿಲ್ಲ. ರುಕ್ಮಿಣಿ ಫೋನನ್ನು ಕಿವಿಗೊತ್ತಿ ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ನನ್ನ ಪೆನ್ನನ್ನು ಕಿತ್ತುಕೊ—