ಹಲಗೆಯ ಆ ತುದಿ

ಸಂಕ್ರಾಂತಿ ಕಳೆದಿತ್ತು, ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ಹಟ್ಟಿಯಿಂದ ಕುರಿ ಬಿಡುವ ಹೊತ್ತು. ಬಿಸಿಲು ಬೇಲಿಯ ತುದಿಗೆ ಬಂದಿತ್ತು, ಅಂಗಳಕ್ಕೆ ಇಳಿದಿರಲಿಲ್ಲ. ನಮ್ಮೂರಿಗೆ ಕರೆಂಟು ಬಂದ ಮರುವರ್ಷ ಅದು, ಎಪ್ಪತ್ತನಾಲ್ಕು ಇರಬೇಕು. ಹಾಲುರಾಮೇಶ್ವರದ ಕಡೆಯಿಂದ ಉಣ್ಣೆ ಕೊಳ್ಳಲು ಬರುತ್ತಿದ್ದ ಮುದ್ದಣ್ಣ ನಮ್ಮ ಬಾಗಿಲಲ್ಲಿ ನಿಂತು, ನನ್ನ ತಂಗಿ ನಿಂಗಕ್ಕನಿಗೆ ಅವಳ ಮಗಳ ಸುದ್ದಿ ಹೇಳಿದ.

"ಏಕನಾಥಮ್ಮ ಹೇಳಿ ಕಳಿಸ್ಯಾಳೆ ಕಣಕ್ಕ. ಅತ್ತೆ ಇದ್ದಳು, ತೀರಿಹೋದಳು. ಗಂಡ ಕುರಿ ಹೊಡ್ಕಂಡು ಹೊಳೆ ಕಡೆ ಹೋಗ್ಯಾನೆ. ಸಣ್ಣ ಕೂಸು ಬೆನ್ನಿಗೆ, ದೊಡ್ಡದನ್ನ ಹಳೇ ಸೀರೇಲಿ ಕಂಬಕ್ಕೆ ಕಟ್ಟಿ ನೀರಿಗೆ ಹೋಗ್ತಾಳೆ. ನೀನು ಬಂದು ಅಲ್ಲೇ ಇದ್ಬಿಡಬೇಕಂತೆ."

ನಿಂಗಕ್ಕ ಅವನಿಗೆ ಮಜ್ಜಿಗೆ ಕೊಟ್ಟಳು. ಕುಡಿದ ಲೋಟ ವಾಪಸು ತಗೊಂಡಳು. ಆಮೇಲೆ ಅಂದಳು: "ನಾನು ಅಲ್ಲಿದ್ರೆ ಇಲ್ಲಿ ಹಲಗೆ ಹಿಡಿಯೋರು ಯಾರಪ್ಪ?"

ಆ ಮಾತು ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮದು ಕುರಿ ಕಾಯುವ ಮನೆತನ. ಮೀಸೆ ಚಿಗುರುವ ವಯಸ್ಸಿನಲ್ಲಿ ನಾನು ಬಂಡೆಯ ಸಂದಿಗೆ ಸಿಕ್ಕಿದ್ದ ಮರಿಯೊಂದನ್ನು ಇಳಿಸಲು ಹೋಗಿ ಬಿದ್ದೆ. ಮರಿ ತಾನೇ ಇಳಿದು ಬಂತು. ನನ್ನ ಎಡ ಮೊಣಕಾಲು ಕೂಡಿಕೊಂಡಿತು, ಆದರೆ ಮಡಚಲಿಲ್ಲ. ಕುರಿಯ ಹಿಂದೆ ಹೋಗಲಾರದವನು ಮನೆಯಲ್ಲಿ ಕೂತು ಮರದ ಕೆಲಸ ಹಿಡಿದೆ. ಕಂಬಳಿ ಮಗ್ಗದ ಲಾಳಿ, ಹಲಗೆ, ಮಜ್ಜಿಗೆ ಕಡೆಯುವ ಕಡಗೋಲು, ತೊಟ್ಟಿಲು. ಯಾರೂ ಕಲಿಸಲಿಲ್ಲ, ನೋಡಿ ನೋಡಿ ಬಂತು.

ನಮ್ಮ ಕಡೆ ಮರದ ಕೆಲಸದವರು ನೆಲಕ್ಕೆ ಕೂತು, ಎರಡು ಪಾದಗಳ ನಡುವೆ ಮರವನ್ನು ಒತ್ತಿ ಹಿಡಿದು ಕೆಲಸ ಮಾಡುತ್ತಾರೆ. ಕೈಗೆ ಉಳಿ, ಕಾಲಿಗೆ ಮರ. ನನಗೆ ಒಂದೇ ಕಾಲು ಹಿಡಿಯುತ್ತಿತ್ತು. ಹತ್ತರಿ ಹೊಡೆದು ನಯ ಮಾಡಲು ಹೋದರೆ ಹಲಗೆ ಬಾಗಿಲ ತನಕ ಓಡುತ್ತಿತ್ತು. ನಿಂಗಕ್ಕ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಏಕನಾಥಮ್ಮನನ್ನು ಎತ್ತಿಕೊಂಡು ಮನೆಗೆ ಬಂದ ವಾರದಲ್ಲೇ ಒಂದು ದಿನ ಇದನ್ನು ನೋಡಿದಳು. ಬಂದು ಹಲಗೆಯ ಆ ತುದಿಯಲ್ಲಿ ಕೂತಳು. ಅವತ್ತು ಕೂತವಳು ಎದ್ದಿರಲಿಲ್ಲ ಅನ್ನಬೇಕು. ಮಗಳು ದೊಡ್ಡವಳಾದಳು, ಮದುವೆಯಾಗಿ ಹೋದಳು, ಇವಳು ಆ ತುದಿಯಲ್ಲೇ ಇದ್ದಳು. ನಾನು "ಹಿಡಿ" ಅಂದರೆ ಹಿಡಿಯುವಳು, "ಬಿಡು" ಅಂದರೆ ಬಿಡುವಳು. ದಿನಕ್ಕೆ ಎಷ್ಟೋ ಹೊತ್ತು ನಮ್ಮಿಬ್ಬರ ನಡುವೆ ಅವೆರಡೇ ಮಾತು. ಬೇರೆ ಮಾತು ಬೇಕು ಅಂತ ನನಗೆ ಅನ್ನಿಸಿರಲಿಲ್ಲ.

ಮುದ್ದಣ್ಣ ಹೋದ ಮೇಲೆ ನಾನೇ ಅಂದೆ: "ಹೋಗಲೇ ನಿಂಗಿ. ಕೂಸನ್ನ ಕಂಬಕ್ಕೆ ಕಟ್ತಾಳಂತೆ."

"ನಿನ್ನ ಯಾವ ಕಂಬಕ್ಕೆ ಕಟ್ಟಿ ಹೋಗ್ಲಿ?" ಅಂದಳು.

ಅವಳು ನಗಿಸಲು ಹೇಳಿದ್ದು. ಇಬ್ಬರೂ ನಗಲಿಲ್ಲ.

ಚಿತ್ರದುರ್ಗದಲ್ಲಿ ಒಂದು ಕುರ್ಚಿ ಮೇಜಿನ ಅಂಗಡಿಯಲ್ಲಿ ನಿಂತುಕೊಂಡೇ ಕೆಲಸ ಮಾಡುವವರನ್ನು ಒಮ್ಮೆ ಕಂಡಿದ್ದೆ. ಮರ ಹಿಡಿಯಲು ಅವರ ಹತ್ತಿರ ಆಳಿರಲಿಲ್ಲ, ಬೆಂಚು ಇತ್ತು. ಮಾರನೇ ದಿನ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಅಂಗಡಿಯ ಹಿರಿಯ ಕೆಲಸಗಾರ ಓಬಳೇಶಪ್ಪ. ನಾನು ಬಾಗಿಲಲ್ಲೇ ನಿಂತು ಅವನ ಬೆಂಚನ್ನು ನೋಡುತ್ತಿದ್ದೆ.

"ಏನ್ ಯಜಮಾನ, ಹೆಣ್ಣು ನೋಡಾಕೆ ಬಂದಂಗೆ ನೋಡ್ತಿದೀರಿ. ಒಳಗೆ ಬರ್ರಿ, ಕುಂತ್ಕಳ್ರಿ."

"ಕುಂತ್ಕಳಾಕೆ ಬರಲ್ಲ ಅಂತಲೇ ಬಂದಿದ್ದು," ಅಂದೆ.

ಕಾಲು ತೋರಿಸಿದೆ. ಅವನ ನಗು ನಿಂತಿತು. ಹತ್ತಿರ ಕರೆದು ಎಲ್ಲ ಮುಟ್ಟಿಸಿ ತೋರಿಸಿದ. "ಕೈ ಸಡಿಲ ಇಳಿಬಿಡ್ರಿ. ಮಣಿಕಟ್ಟು ಎಲ್ಲಿಗೆ ಬರ್ತೈತೋ ಅಷ್ಟೇ ಎತ್ತರ. ಜಾಸ್ತಿ ಆದ್ರೆ ರಟ್ಟೆ ಹೋಗ್ತೈತೆ, ಕಮ್ಮಿ ಆದ್ರೆ ಸೊಂಟ. ಮೇಲ್ಗಡೆ ಸಾಲಾಗಿ ತೂತು, ತೂತಿಗೆ ಗೂಟ. ಗೂಟಕ್ಕೂ ಹಲಗೆಗೂ ನಡುವೆ ಬೆಣೆ ಹೊಡೀರಿ. ಅಪ್ಪ ಅಂದ್ರೂ ಬಿಡಲ್ಲ."

ಮನೆಗೆ ಬಂದು ಗೋಡೆಗೆ ಒರಗಿ ನಿಂತೆ. ನಿಂಗಕ್ಕ ಕಂಬಳಿಗೆಂದು ನೂತಿದ್ದ ಉಣ್ಣೆ ನೂಲನ್ನು ನನ್ನ ಮಣಿಕಟ್ಟಿನಿಂದ ನೆಲಕ್ಕೆ ಇಳಿಬಿಟ್ಟು, ಹಲ್ಲಿನಿಂದ ಕಡಿದಳು. ಅದೇ ನನ್ನ ಅಳತೆಕೋಲು. "ಏನ್ ಮಾಡ್ತೀಯ ಇದ್ರಾಗೆ?" ಅಂತ ಕೇಳಿದಳು. ಹೇಳಿದೆ. ನೂಲನ್ನು ಬೆರಳಿಗೆ ಸುತ್ತಿಕೊಂಡಳು.

"ಸರಿ. ಒಂದು ಮಾತು. ನಾನು ಮುಟ್ಟದಂಗೆ, ನೀನೊಬ್ಬನೇ ಒಂದು ಹಲಗೇನ ಈ ತುದಿಯಿಂದ ಆ ತುದಿಗೆ ನಯ ಮಾಡಿ ತೋರ್ಸು. ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಇನ್ನೊಂದು ಸಲ ಹೋಗು ಅನ್ನಬಾರದು."

"ಆಯ್ತು," ಅಂದೆ.

ಬೇವಿನ ಕಾಲು, ಮಾವಿನ ಹಲಗೆ. ಮಾವು ಹಗುರ, ಉಳಿಗೆ ಬೇಗ ಬಗ್ಗುತ್ತದೆ. ಕಾಲುಗಳಿಗೆ ತುದಿ ಕೆತ್ತಿ, ಹಲಗೆಗೆ ತೂತು ಕೊರೆದು, ಒಂದರೊಳಗೊಂದು ಇಳಿಸಿ ಬೆಣೆ ಬಡಿದೆ. ಕೆಳಗೆ ಉಳಿ, ಗರಗಸ ಇಡಲು ಅಡ್ಡಹಲಗೆ. ಅಷ್ಟಕ್ಕೂ ಆ ತುದಿ ಹಿಡಿದವಳು ನಿಂಗಕ್ಕನೇ. ತನ್ನ ಬದಲಿಗೆ ಬರುವುದನ್ನು ತಾನೇ ಹಿಡಿದು ಕೂತಿದ್ದಳು. ಒಮ್ಮೆ ಉಳಿ ಜಾರಿದಾಗ, "ನಿಧಾನ ಕಣಣ್ಣ, ಓಡಿಸ್ಬೇಡ ನನ್ನ," ಅಂದಳು. ಬೆಳಕು ಬೇಕಾದರೆ ಅಂಗಳಕ್ಕೆ, ಮಳೆ ಬಂದರೆ ಪಡಸಾಲೆಗೆ ಎತ್ತಿಡಬಹುದು ಅಂತ ಬೆಂಚನ್ನು ಹಗುರವಾಗಿ ಮಾಡಿದ್ದೆ. ಒಬ್ಬನೇ ಎತ್ತಿ ನೋಡಿದೆ. ಹೆಗಲಿಗೆ ಬಂತು. ಹೆಮ್ಮೆಯಾಯಿತು.

ಪಡಸಾಲೆಯ ಕಲ್ಲುಚಪ್ಪಡಿಯ ಮೇಲಿಟ್ಟು, ಮಗ್ಗದ ಹಲಗೆಯೊಂದನ್ನು ಗೂಟಕ್ಕೆ ಆನಿಸಿ ಬೆಣೆ ಹೊಡೆದೆ. ನಿಂಗಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಹತ್ತರಿಯನ್ನು ಒತ್ತಿ ನೂಕಿದೆ. ಹಲಗೆ ಅಲುಗಲಿಲ್ಲ, ಓಬಳೇಶಪ್ಪನ ಮಾತು ನಿಜ. ಬೆಂಚೇ ಹೊರಟಿತು. ಇನ್ನೊಮ್ಮೆ ನೂಕಿದೆ, ಮತ್ತೂ ಹೋಯಿತು. ಕುಂಟುತ್ತಾ ಅದರ ಹಿಂದೆ ನಾನು. ಕೊನೆಗೆ ಗೋಡೆಗೆ ಹೋಗಿ ಬಡಿಯಿತು, ಹತ್ತರಿ ಕೈಯಿಂದ ಬಿತ್ತು.

ನಿಂಗಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. ಬಂದು ಬೆಂಚಿನ ತುದಿಗೆ ಹತ್ತಿ ಕೂತಳು. "ಈಗ ಹೊಡಿ," ಅಂದಳು. ಹೊಡೆದೆ. ಹತ್ತರಿ ಸುರುಳಿ ಸುರುಳಿ ಚಕ್ಕೆ ಬಿಡುತ್ತಾ ಹೋಯಿತು.

"ನೋಡ್ದ್ಯಾ? ನಾನಿಲ್ದೆ ಅದು ನಿಲ್ಲಂಗಿಲ್ಲ."

ಆ ಸಂಜೆ ಹುರುಳಿ ಸಾರು ಮಾಡಿದಳು. ನಾನು ಎರಡನೇ ಮುದ್ದೆ ಕೇಳಿದೆ. ಅಂಥ ಹಸಿವು ಎಷ್ಟೋ ದಿನದಿಂದ ಆಗಿರಲಿಲ್ಲ.

ಊಟವಾದ ಮೇಲೆ ಅವಳು ಪೆಟ್ಟಿಗೆಯ ಮುಂದೆ ಕೂತದ್ದು ಕಂಡಿತು. ಕೂಸಿಗೆಂದು ಒಂದು ಸಣ್ಣ ಕೌದಿ ಹೊಲಿದಿದ್ದಳು, ಹಳೆಯ ಸೀರೆ, ನನ್ನ ಹಳೆಯ ಪಂಚೆಯ ತುಂಡುಗಳು. ನಾನು ಬೆಂಚು ಮಾಡುತ್ತಿದ್ದಾಗಲೇ ಹೊಲಿದಿರಬೇಕು. ಅದನ್ನು ತೊಡೆಯ ಮೇಲೆ ಹಾಕಿ ಒಂದು ಸಲ ನೇವರಿಸಿ, ಮಡಚಿ, ಪೆಟ್ಟಿಗೆಯ ತಳಕ್ಕೆ ಇಟ್ಟು, ಮೇಲೆ ಉಳಿದ ಬಟ್ಟೆಯೆಲ್ಲ ಹೇರಿದಳು. ಮುಚ್ಚಳ ಹಾಕುವಾಗ ಸದ್ದು ಮಾಡಲಿಲ್ಲ.

ಬೆಳಿಗ್ಗೆ ಪಕ್ಕದ ತೋಟದ ಕಾಟಲಿಂಗಪ್ಪ ಕೊಡಲಿ ಕಾವು ಹಾಕಿಸಲು ಬಂದ. ಬೆಂಚನ್ನು ಒಂದು ಕೈಯಲ್ಲಿ ತಳ್ಳಿ ನೋಡಿದ.

"ಇದೇನ್ ಹಾಲಣ್ಣ, ಬೆಂಚೋ, ಮೇಕೆಯೋ? ಮುಟ್ಟಿದ್ರೆ ಹೊರಡ್ತೈತೆ."

"ಹಗುರ ಇರ್ಲಿ ಅಂತ ಮಾಡ್ದೆ."

"ಕುರಿಯೋರು ಏನ್ ಮಾಡಿದ್ರೂ ಇಷ್ಟೇ. ಮಂಚ ಮಾಡಿದ್ರೂ ಹೆಗಲ ಮೇಲೆ, ತೊಟ್ಟಿಲು ಮಾಡಿದ್ರೂ ಹೆಗಲ ಮೇಲೆ. ನಾಳೆ ಹಟ್ಟಿ ಕಿತ್ಕಂಡು ಹೋಗೋರಂಗೆ. ಕಾಲು ನೆಲಕ್ಕೆ ಹೂಳಪ್ಪ."

"ಗೆದ್ದಲು ಬಿಡ್ತಾವಾ?"

"ಅದೂ ಸರಿ," ಅಂದ.

ಅವನು ತಮಾಷೆಗೆ ಅಂದದ್ದು. ನಾನು ಬೆಂಚನ್ನೇ ನೋಡುತ್ತಾ ನಿಂತೆ. ಅವನ ಮಾತು ನಿಜ. ನಮ್ಮಪ್ಪ, ಅವರಪ್ಪ, ಎತ್ತಿಕೊಂಡು ಹೊರಡಲು ಬಾರದ ವಸ್ತು ಒಂದನ್ನೂ ಮಾಡಿದವರಲ್ಲ. ಕಾಲು ಮುರಿದ ಮೇಲೆ ಎಲ್ಲಿಗೂ ಹೊರಡದ ನಾನೂ ಹಾಗೇ ಮಾಡಿದ್ದೆ. ಬೆಂಚು ಅಂದರೆ ಹೊರಡದೇ ಇರಬೇಕಾದದ್ದು.

"ನಿನ್ನ ಕಪಿಲೆ ಮರ ಬಾವಿ ಮೇಲೆ ಹಂಗೇ ಐತಾ?" ಅಂತ ಕೇಳಿದೆ. ಅವನ ಬಾವಿಗೆ ಪಂಪ್‌ಸೆಟ್ ಬಂದಮೇಲೆ ಎತ್ತುಗಳಿಂದ ನೀರು ಸೇದುವ ಕಪಿಲೆ ನಿಂತುಹೋಗಿತ್ತು. ಗಾಲಿ ಹೊತ್ತಿದ್ದ ಕಮರದ ಮರದ ತೊಲೆ ಬಿಸಿಲಲ್ಲಿ ಕಪ್ಪಾಗಿ ಬಿದ್ದಿತ್ತು.

"ಐತೆ. ಅದು ಮರ ಅಲ್ಲ ಮಾರಾಯ, ಕಬ್ಬಿಣ. ಬೇಕಾದ್ರೆ ಒಯ್ಯಿ. ಹೆಗಲ ಮೇಲೆ ಮಾತ್ರ ಬರಲ್ಲ."

ಜೋಡೆತ್ತಿನಲ್ಲಿ ಎಳೆದು ತಂದೆವು. ನಿಂಗಕ್ಕ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನೋಡಿದಳು. ಕಮರದ ಮರ ನನ್ನ ಉಳಿಯ ಮೂತಿ ಮುರಿಯಿತು. ಒಂದು ತೂತಿಗೆ ಒಂದು ಹೊತ್ತು. ಗಾಲಿ ಕೂರಿಸಿದ್ದ ಹಳೆಯ ತೂತುಗಳನ್ನೇ ಗೂಟಕ್ಕೆ ಉಳಿಸಿಕೊಂಡೆ. ಬೇವಿನ ಕಾಲುಗಳು ತೆಳುವಾದವು, ಕರಿಜಾಲಿಯ ದಪ್ಪ ಕಾಲು ಹಾಕಿದೆ. ಮಾವಿನ ಹಲಗೆ ಕೆಳಗಿನ ಅಡ್ಡಹಲಗೆಯಾಯಿತು. "ಹಿಡಿ" ಅಂದಾಗ ನಿಂಗಕ್ಕ ಹಿಡಿದಳು. ತೊಲೆ ಕಾಲಿನ ಮೇಲೆ ಇಳಿಯಿತು. ಕೂತುಕೊಂಡಿತು. "ಬಿಡು" ಅಂದೆ. ಆದರೂ ಅವಳು ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದಳು.

ಸೋಮವಾರ ಬೀರದೇವರಿಗೆ ಕಾಯಿ ಒಡೆದು ಬಂದು, ಹತ್ತರಿಯನ್ನು ಮಸೆದೆ. ನಿಂಗಕ್ಕ ಮತ್ತೆ ಬಾಗಿಲಲ್ಲಿ ನಿಂತಳು. ಈ ಸಲ ನಗುವ ಮುಖವಿರಲಿಲ್ಲ. ಬೆಣೆ ಹೊಡೆದು, ಸೊಂಟವನ್ನು ಬೆಂಚಿಗೆ ಆನಿಸಿ, ಗಟ್ಟಿ ಕಾಲಿನ ಮೇಲೆ ಭಾರ ಬಿಟ್ಟು ನೂಕಿದೆ. ಚಕ್ಕೆ ಎದ್ದಿತು. ಬೆಂಚು ನಿಂತಿತು. ಮತ್ತೆ ನೂಕಿದೆ. ಹಲಗೆಯ ನಡುವೆ ಒಂದು ಗಂಟು ಇತ್ತು, ಅಲ್ಲಿ ಜೋರು ಹಾಕಿದಾಗ ಆ ತುದಿಯ ಕಾಲು ಚಪ್ಪಡಿಯ ಮೇಲೆ ಕೂದಲಷ್ಟು ಜರುಗಿತು. ಕಿರ್ ಅಂತ ಸಣ್ಣ ಸದ್ದು.

ನಾನು ಅವಳ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು. ಜರುಗಿತು ಅಂತ ಅವಳೊಂದು ಮಾತು ಅಂದಿದ್ದರೆ ಸಾಕಿತ್ತು, ನಾನು ಹತ್ತರಿ ಕೆಳಗಿಡುತ್ತಿದ್ದೆ.

ಅವಳು ಒಳಗೆ ಹೋದಳು. ಕಲ್ಲು ಉರುಳಿಸುವ ಸದ್ದು ಕೇಳಿತು. ಬೀಸೋಕಲ್ಲಿನ ಮೇಲಿನ ಕಲ್ಲನ್ನು ಹೊಸ್ತಿಲು ದಾಟಿಸಿ ತಂದಳು, ಆಮೇಲೆ ಕೆಳಗಿನದ್ದು. ನಮ್ಮವ್ವನ ಕಾಲದ ಕಲ್ಲು. ನಾನು ಕೈ ಹಾಕಲು ಹೋದರೆ, "ನೀನು ಸುಮ್ನಿರು" ಅಂದಳು. ಎರಡನ್ನೂ ಬೆಂಚಿನ ಆ ತುದಿಯ ಅಡ್ಡಹಲಗೆಯ ಮೇಲೆ ಕೂರಿಸಿದಳು.

"ರಾಗಿ?" ಅಂದೆ.

"ಗಿರಣಿ ಬಂದೈತಲ್ಲ. ಹುಡುಗರ ಕೈಲಿ ಕಳ್ಸು." ಸೆರಗಿನಿಂದ ಕತ್ತು ಒರೆಸಿಕೊಂಡಳು. "ಈಗ ಹೊಡಿ."

ಈ ತುದಿಯಿಂದ ಆ ತುದಿಗೆ ಹೊಡೆದೆ. ಗಂಟಿನ ಮೇಲೂ ಹೊಡೆದೆ. ಬೆಂಚು ಬಂಡೆಯ ಹಾಗೆ ನಿಂತಿತ್ತು.

"ಆಯ್ತಲ್ಲಣ್ಣ," ಅಂದಳು.

"ಆಯ್ತು."

"ನಾಳೆ ಮಂಗಳವಾರ."

"ಹೂಂ. ಮಂಗಳವಾರ ಹೆಣ್ಮಕ್ಕಳನ್ನ ಕಳಿಸಲ್ಲ."

ಹಾಗಾಗಿ ಒಂದು ದಿನ ಸಿಕ್ಕಿತು. ಉಪ್ಪು ಎಲ್ಲಿದೆ, ಹುಣಸೆಹಣ್ಣು ಎಲ್ಲಿದೆ, ದೀಪದ ಬತ್ತಿ ಎಲ್ಲಿದೆ ಅಂತ ತೋರಿಸುತ್ತಾ ತಿರುಗಿದಳು. ನನಗೆ ಎಲ್ಲ ಗೊತ್ತಿತ್ತು, ಆದರೂ ಹಿಂದೆ ಹಿಂದೆ ಹೋಗಿ ನೋಡಿದೆ. ಮಧ್ಯಾಹ್ನ ನಾನು ಲಾಳಿ ಕೆತ್ತುವಾಗ ಅವಳು ಬೆಂಚಿನ ಆ ತುದಿಯ ಹತ್ತಿರ ನೆಲದಲ್ಲಿ ಕೂತು ಉಣ್ಣೆ ನೂತಳು. ಹಿಡಿಯಲು ಏನೂ ಇರಲಿಲ್ಲ. ಸುಮ್ಮನೆ ಅಲ್ಲಿ ಕೂತಿದ್ದಳು.

ಮಾರನೇ ಬೆಳಿಗ್ಗೆ ಜವನಗೊಂಡನಹಳ್ಳಿಯ ರಸ್ತೆಯವರೆಗೂ ಜೊತೆಗೆ ನಡೆದೆ. ಬೇಡ ಅಂದಳು, ಕೇಳಲಿಲ್ಲ. ನನ್ನ ಕಾಲಿನ ಹೆಜ್ಜೆಗೆ ತಕ್ಕಂತೆ ನಿಧಾನ ಬಂದಳು. ಗಂಟಿನಲ್ಲಿ ಕೌದಿ ಮೇಲೇ ಕಾಣುತ್ತಿತ್ತು. ಹಿರಿಯೂರಿನ ಬಸ್ಸು ಬಂತು. ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹಾಲುರಾಮೇಶ್ವರ.

"ಕಂಬಕ್ಕೆ ಕಟ್ಟಬೇಡ ಅಂತ ಹೇಳು ಅವಳಿಗೆ," ಅಂದೆ.

"ನಾನಿರ್ತೀನಲ್ಲ," ಅಂದಳು. ಮೆಟ್ಟಿಲ ಮೇಲೆ ನಿಂತು, "ಬೆಂಚಿನ ಮೇಲೆ ಉಣ್ಣಬೇಡ, ಇರುವೆ ಬರ್ತಾವೆ," ಅಂದಳು. ಕಂಡಕ್ಟರ್ ಸೀಟಿ ಊದಿದ.

ಮನೆಗೆ ಬಂದವನು ಸುಮ್ಮನೆ ಕೂರಲಾರದೆ, ನಿಂತು ಕೆಲಸ ಹಿಡಿದೆ. ಮಗ್ಗದ ಹಲಗೆಯೊಂದು ಅರ್ಧವಾಗಿತ್ತು. ಬೆಂಚು ಅದನ್ನು ಚೆನ್ನಾಗಿ ಹಿಡಿಯಿತು, ಅದರ ಮೇಲೆ ದೂರು ಹೇಳಲಾರೆ. ಸಂಜೆಯ ಹೊತ್ತಿಗೆ ಹಲಗೆ ಮುಗಿಯಿತು. ಹತ್ತರಿ ಎತ್ತಿ, ಅಭ್ಯಾಸಬಲದಿಂದ ಆ ತುದಿಯ ಕಡೆ ನೋಡಿ, "ಬಿಡು" ಅಂದೆ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ನಾನೇ ಸುತ್ತಿ ಹೋಗಿ ಬೆಣೆ ತೆಗೆದೆ. ಹಟ್ಟಿಗೆ ಕುರಿಗಳು ಬರುತ್ತಿದ್ದವು, ಧೂಳು ಎದ್ದಿತ್ತು.

ನಿಂಗಕ್ಕ ಮಗಳ ಮನೆಗೆ ಹೋದದ್ದು ಬುಧವಾರ.