ಲೇವಿಯ ಜೋಳ

ಯುದ್ಧದ ಕಾಲ. ಮರಿಕಲ್ಲು ಊರಿನ ಬುಗ್ಗಮ್ಮನ ಮನೆಯ ಜೋಳವನ್ನೆಲ್ಲ ಸರ್ಕಾರದವರು ಲೇವಿಗೆಂದು, ಕಡ್ಡಾಯ ಧಾನ್ಯ ವಸೂಲಿಗೆಂದು, ಹೊತ್ತೊಯ್ದಿದ್ದರು. ಅದೇ ಜೋಳ ಸಾಹುಕಾರನ ಅಂಗಡಿಯಲ್ಲಿ ಕಳ್ಳಸಂತೆಗೆ ಬಂದಿರುವುದು ಪಕ್ಕದ ಮನೆಯ ಹಂಪಮ್ಮನಿಗೆ ಗೊತ್ತಿತ್ತು. ಆದರೂ ಹಸಿದ ಮಗಳಿಗಾಗಿ ತನ್ನ ಮೂಗುಬೊಟ್ಟು ಕೊಟ್ಟು ಒಂದು ಸೇರು ತಂದಳು.

ಮಗಳು ಉಣ್ಣುವಾಗ ಗೋಡೆಯಾಚೆ ಬುಗ್ಗಮ್ಮನ ಕೂಸು ಅಳುವುದು ಕೇಳಿಸಿತು. ಹಂಪಮ್ಮ ತನ್ನ ಪಾಲಿನ ರೊಟ್ಟಿ ಹಿಡಿದು ಅಲ್ಲಿಗೆ ಹೋದಳು.

"ಜ್ವಾಳ ಎಲ್ಲಿ ಸಿಕ್ತು?" ಬುಗ್ಗಮ್ಮ ಕೇಳಿದಳು.

ಹಂಪಮ್ಮನಿಗೆ ಸುಳ್ಳು ಹೇಳಲಾಗಲಿಲ್ಲ. "ನಿಮ್ಮದೇ ಐತಿ ಅಕ್ಕಾ. ಸಾಹುಕಾರನ ಹತ್ರ ಕೊಂಡೆ. ತಪ್ಪು ಅಂತ ಗೊತ್ತಿದ್ದೇ ಕೊಂಡೆ."

ಬುಗ್ಗಮ್ಮ ರೊಟ್ಟಿ ಮುರಿದು ಕೂಸಿನ ಬಾಯಿಗಿಟ್ಟಳು.

"ನಾಳೆ ನನ್ನ ಕಿವಿಯ ಬೆಂಡೋಲಿ ಕೊಡ್ತೀನಿ. ನನಗೂ ಒಂದು ಸೇರು ತಂದುಕೊಡು," ಎಂದಳು.

ಹಂಪಮ್ಮ ತಲೆ ತಗ್ಗಿಸಿಕೊಂಡೇ ಒಪ್ಪಿದಳು.