ತೊಳೆದರೂ ಹೋಗದ ಹಳದಿ

ನಮ್ಮ ಮನೆಯಲ್ಲಿ ಬಿಳಿ ಬಣ್ಣ ಅನ್ನುವುದು ಒಂದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಮನೆಯ ಮುಂದಿನ ಅರ್ಧ ಅರಿಶಿನದ ಗಿರಣಿ, ಹಿಂದಿನ ಅರ್ಧ ನಮ್ಮ ಸಂಸಾರ. ನಡುವಿನ ಬಾಗಿಲಿಗೆ ಎಷ್ಟು ದಪ್ಪದ ಪರದೆ ಕಟ್ಟಿದರೂ ಪುಡಿ ಒಳಗೆ ಬಂದೇ ಬರುತ್ತದೆ. ಗೋಡೆ, ಗಡಿಯಾರ, ಜೇಡರ ಬಲೆ, ನನ್ನ ಉಗುರು, ನಮ್ಮ ಯಜಮಾನರ ಹುಬ್ಬು, ಎಲ್ಲವೂ ಹಳದಿ. ಒಮ್ಮೆ ಒಂದು ಬಿಳಿ ಬೆಕ್ಕು ಬಂದು ಸೇರಿಕೊಂಡಿತ್ತು. ನಾಲ್ಕು ದಿನ ಮೂಟೆಗಳ ಮೇಲೆ ಮಲಗಿ ಅದೂ ನಮ್ಮ ಕುಲಕ್ಕೆ ಸೇರಿತು.

ಇಂಥ ಮನೆಗೆ ನನ್ನ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣು ಮಗು. ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಒಂದು ದೊಡ್ಡ ಚೀಲ ಹಿಡಿದು ಇಳಿದರು. ಚೀಲದಲ್ಲಿ ಅವರೇ ಅರಿಶಿನ ಹಾಕಿ ಕಾಯಿಸಿದ ಎಣ್ಣೆಯ ಬಾಟಲಿ.

"ಎರೆಯೋದು ನಾನೇ. ನನ್ನ ಮಕ್ಕಳೆಲ್ಲ ಈ ಎಣ್ಣೇಲೇ ಬೆಳೆದಿದ್ದು," ಅಂದರು.

ನಾನು ಬೇಡ ಅನ್ನಲಿಲ್ಲ. ಅರಿಶಿನಕ್ಕೆ ನಾನು ಬೇಡ ಅನ್ನುವುದುಂಟೇ? ಮದುಮಗಳಿಗೂ ಅದೇ, ಬಾಣಂತಿಗೂ ಅದೇ, ಗಾಯಕ್ಕೂ ಅದೇ, ಕೆಮ್ಮಿಗೂ ಅದೇ, ದೇವರ ಮುಂದೂ ಅದೇ. ನಮ್ಮ ಅನ್ನವೂ ಅದೇ. ಬೀಗಿತ್ತಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿಕೊಂಡು, ಅಂಗಾಲಿನಿಂದ ನೆತ್ತಿಯವರೆಗೆ ಎಣ್ಣೆ ತೀಡುವುದನ್ನು ನೋಡಿದರೆ ನನಗೂ ಹಾಗೆ ಮಲಗಬೇಕು ಅನ್ನಿಸುತ್ತಿತ್ತು.

ಮಗು ನೋಡಲು ಬಂದ ಪಕ್ಕದ ಮನೆಯಾಕೆ, "ಯಾಕೋ ಸ್ವಲ್ಪ ಹಳದಿ ಕಾಣ್ತಾಳಲ್ಲ?" ಅಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಗಿರಣಿ ಮನೆ ಮಗು ಹಳದಿ ಆಗದೆ ನೀಲಿ ಆಗುತ್ತಾ?" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇದು ನಮ್ಮ ಕಡೆ ಬಣ್ಣ. ಬಂಗಾರ!" ಅಂದರು ಬೀಗಿತ್ತಿ.

"ಬಣ್ಣ ಇಟ್ಕೊಳ್ಳಿ, ಮೂಗು ಮಾತ್ರ ನಮ್ಮದು," ಅಂದೆ ನಾನು.

ಇನ್ನೊಂದು ಹೊಗಳಿಕೆಯೂ ಇತ್ತು. ಅರಿಶಿನದ ಕೊಂಬು ಕಲ್ಲಿನಷ್ಟು ಗಟ್ಟಿ. ಗಿರಣಿಯ ಬಾಯಿಗೆ ಮೂಟೆ ಸುರಿದರೆ ತಗಡಿನ ಮಾಡಿನ ಮೇಲೆ ಜಲ್ಲಿ ಸುರಿದಂತೆ ಸದ್ದು. ಬಂದ ನೆಂಟರು ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ಆ ಸದ್ದಿಗೆ ಮಗು ರೆಪ್ಪೆಯನ್ನೂ ಅಲುಗಿಸುತ್ತಿರಲಿಲ್ಲ. "ನೋಡ್ರೀ, ನನ್ನ ಮೊಮ್ಮಗಳು ಹುಟ್ಟುತ್ತಲೇ ಗಿರಣಿ ಕಲಿತು ಬಂದಿದ್ದಾಳೆ," ಎಂದು ಯಜಮಾನರು ಗಿರಾಕಿಗಳಿಗೆಲ್ಲ ಹೇಳಿಕೊಂಡು ಮೆರೆದರು.

ಮಗುವಿಗೆ ಇನ್ನೂ ವಾರ ತುಂಬಿರಲಿಲ್ಲ. ಒಂದು ಬೆಳಗ್ಗೆ ಮಗಳು ಕರೆದಳು.

"ಅಮ್ಮಾ, ಹಾಲೇ ಕುಡೀತಿಲ್ಲ ಕಣಮ್ಮ. ಬಾಯಿಟ್ಟ ತಕ್ಷಣ ನಿದ್ದೆ ಹೋಗ್ತಾಳೆ."

"ಎಣ್ಣೆ ನೀರು ಬಿದ್ದ ಮೈ, ಸುಖದ ನಿದ್ದೆ. ಕೆಡಿಸಬೇಡ," ಅಂದರು ಬೀಗಿತ್ತಿ ಅಡುಗೆಮನೆಯಿಂದ.

ನಾನು ಮಗುವಿನ ಅಂಗಾಲನ್ನು ಉಗುರಿನಿಂದ ಕೆರೆದೆ. ಕಾಲು ಸ್ವಲ್ಪ ಎಳೆದುಕೊಂಡಿತು, ಅಷ್ಟೇ. ಕೆನ್ನೆ ತಟ್ಟಿದೆ. ಬಾಯಿ ತೆರೆಯಿತು, ಅಳು ಬರಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆ ಎತ್ತಿದ ಹಾಗೆ ಜೋತುಬಿತ್ತು.

ಯಾರಿಗೂ ಏನೂ ಹೇಳದೆ ಮಗುವನ್ನು ಹಿತ್ತಲಿಗೆ ಒಯ್ದೆ. ಪುಡಿ ಬಾರದ ಜಾಗ ಅದೊಂದೇ, ಬೆಳಕೂ ಚೆನ್ನಾಗಿದೆ. ಬಿಸಿನೀರು ಬೆರೆಸಿ, ಕಡಲೆಹಿಟ್ಟು ಹಚ್ಚಿ ತೊಳೆದೆ. ಹಳದಿ ನೀರು ಹರಿಯಿತು. ಸೋಪು ಹಚ್ಚಿ ತೊಳೆದೆ. ತೆಳು ಹಳದಿ ನೀರು ಹರಿಯಿತು. ಮತ್ತೆ ತೊಳೆದೆ. ನೀರು ತಿಳಿಯಾಯಿತು. ಮಗು ತಿಳಿಯಾಗಲಿಲ್ಲ.

ಇನ್ನೊಂದು ಸಲ ಉಜ್ಜಿದೆ, ಪಾಪ, ಆ ಎಳೇ ಚರ್ಮವನ್ನು. ಎದೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಒತ್ತಿದ ಜಾಗ ಬೆಳ್ಳಗಾಗಬೇಕು ತಾನೇ? ಅಲ್ಲೂ ಹಳದಿ. ಬಣ್ಣ ಮೈಮೇಲೆ ಇರಲಿಲ್ಲ, ಮೈಯೊಳಗಿತ್ತು. ಕೊನೆಗೆ ಒಂದು ರೆಪ್ಪೆ ಮೆಲ್ಲಗೆ ಎತ್ತಿದೆ. ನಮ್ಮ ಪುಡಿ ಎಲ್ಲಿಗೆ ಬೇಕಾದರೂ ನುಗ್ಗಬಹುದು, ಕಣ್ಣಿನ ಬಿಳಿಗೆ ಬಣ್ಣ ಬಳಿಯಲು ಅದರಿಂದಾಗದು. ಮಗುವಿನ ಕಣ್ಣಿನ ಬಿಳಿ ನಮ್ಮ ಗೋಡೆಯ ಹಾಗಿತ್ತು.

"ಅಯ್ಯೋ, ಎರೆದಾಯ್ತಲ್ಲ, ಮತ್ತೆ ಯಾಕೆ ತೊಳೀತಿದ್ದೀರ?" ಎನ್ನುತ್ತ ಬೀಗಿತ್ತಿ ಹಿತ್ತಲಿಗೆ ಬಂದರು. ನಾನು ರೆಪ್ಪೆ ಎತ್ತಿ ತೋರಿಸಿದೆ. ಅವರ ಮುಖದ ರಕ್ತ ಇಳಿದುಹೋಯಿತು.

"ಕಾಮಾಲೆ," ಅಂದರು. ಆಮೇಲೆ ನನ್ನ ತೋಳು ಹಿಡಿದು, "ಪಂಡಿತರ ಹತ್ರ ಹೋಗೋಣ. ಬೇರು ಅರೆದು ಕೊಡ್ತಾರೆ. ನಮ್ಮನೆಯವರಿಗೆ ಹಾಗೇ ವಾಸಿಯಾಯ್ತು."

ನಾನು ಹೂಂ ಅಂದೆ. ಹೆದರಿಕೆ ಬಂದಾಗ ಕಾಲು ಪರಿಚಯದ ಬಾಗಿಲಿಗೇ ಓಡುತ್ತದೆ. ಪಂಡಿತರ ಔಷಧಿ ಅಂಗಡಿ ಬೀದಿಯ ತಿರುವಿನಲ್ಲೇ ಇದೆ. ಅವರ ಚೂರ್ಣಗಳಿಗೆಲ್ಲ ಅರಿಶಿನ ಹೋಗುವುದು ನಮ್ಮ ಗಿರಣಿಯಿಂದ. ಮಗಳು ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಓಡಿ ಬಂದಳು.

ಪಂಡಿತರು ಮಗುವನ್ನು ಕಿಟಕಿಯ ಹತ್ತಿರ ಒಯ್ದರು. ಕಣ್ಣು ನೋಡಿದರು, ಹೊಟ್ಟೆ ನೋಡಿದರು, ಅಂಗಾಲು ತಿರುಗಿಸಿ ನೋಡಿದರು. ಹಿಂದೆ ಸಾಲಾಗಿ ಡಬ್ಬಿಗಳಿದ್ದವು. ಒಂದಕ್ಕೂ ಅವರ ಕೈ ಹೋಗಲಿಲ್ಲ.

"ಆಟೋ ಕರೀರಿ. ದೊಡ್ಡಾಸ್ಪತ್ರೆಗೆ ಹೋಗಿ," ಅಂದರು.

"ಒಂದು ಚಿಟಿಕೆ ಏನಾದ್ರೂ ಕೊಡಿ ಸ್ವಾಮಿ, ದಾರಿಗೆ," ಅಂದರು ಬೀಗಿತ್ತಿ, ಕೈಮುಗಿದು.

ಎಂದೂ ದನಿಯೆತ್ತದ ಮನುಷ್ಯ ಗದರಿಬಿಟ್ಟರು. "ದೊಡ್ಡವರ ಕಾಮಾಲೆ ಬೇರೆ, ಹಸುಗೂಸಿಂದು ಬೇರೆ ಕಣಮ್ಮಾ! ಅಂಗಾಲಿಗೆ ಇಳಿದಿದೆ ಇದು. ಮಿದುಳಿಗೆ ಏರಿದ್ರೆ ಕಿವಿ ಹೋಗುತ್ತೆ, ಬುದ್ಧಿ ಹೋಗುತ್ತೆ, ಜೀವಾನೂ ಹೋಗುತ್ತೆ. ಇದಕ್ಕೆ ನನ್ನ ಹತ್ರ ಏನೂ ಇಲ್ಲ. ಏಳಿ, ಹೊರಡಿ!"

ಆಟೋದಲ್ಲಿ ಮಗಳು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದಳು, ಉಸಿರು ತಾಕುತ್ತಿದೆಯೋ ಇಲ್ಲವೋ ಎಂದು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ನಾನು ಆ ಡ್ರೈವರನ್ನು ಬಾಯಿಗೆ ಬಂದಂತೆ ಬೈದೆ. ಅವನೇನು ಮಾಡಿಯಾನು? ಯಾರನ್ನಾದರೂ ಬೈಯದಿದ್ದರೆ ನಾನು ಅಲ್ಲೇ ಕಿರುಚಿಬಿಡುತ್ತಿದ್ದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ ದೀಪ ಹಾಕಿದರು. ದೀಪದ ಬೆಳಕು ನೀಲಿ. ಅಂಗಾಲಿನಿಂದ ನೆತ್ತಿಯವರೆಗೆ ನನ್ನ ಮೊಮ್ಮಗಳು ನೀಲಿಯಾದಳು. ನನ್ನ ಹಾಳು ನಾಲಿಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತು.

"ತಾಯಿ ಮಗು ರಕ್ತದ ಗುಂಪು ಹೊಂದಿಕೆ ಆಗಲ್ಲ, ಅದಕ್ಕೇ ಕಾಮಾಲೆ ಏರಿದೆ," ಅಂದರು ಡಾಕ್ಟರಮ್ಮ. "ಬೆಳಕಿಗೆ ಇಳೀದಿದ್ರೆ ರಕ್ತ ಬದಲಾಯಿಸಬೇಕು. ಯಾಕೆ ಇಷ್ಟು ತಡ ಮಾಡಿದ್ರಿ? ಬಣ್ಣ ಕಾಣಿಸಲಿಲ್ವಾ?"

ಮಗಳು ನನ್ನ ಮುಖ ನೋಡಿದಳು. ನಾನು ಬೀಗಿತ್ತಿಯ ಮುಖ ನೋಡಲು ತಿರುಗಿದೆ. ಅವರು ಅಲ್ಲಿರಲಿಲ್ಲ.

ಅವರು ಮೊಗಸಾಲೆಯ ನಲ್ಲಿಯ ಹತ್ತಿರ ಸಿಕ್ಕರು. ಆಸ್ಪತ್ರೆಯ ಸೋಪಿನಿಂದ ಕೈ ಉಜ್ಜುತ್ತಿದ್ದರು. ತೊಳೆಯುವುದು, ನೋಡುವುದು, ಮತ್ತೆ ಉಜ್ಜುವುದು. ಅವರಿಗೆ ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಮಸೆದು ಇಟ್ಟುಕೊಂಡಿದ್ದ ಮಾತುಗಳಿದ್ದವು.

"ಕೈ ತೊಳೆದೇ ಮಗು ಮುಟ್ಟಬೇಕಂತೆ," ಅಂದರು ನನ್ನ ಕಡೆ ನೋಡದೆ. "ಹೋಗ್ತಾನೇ ಇಲ್ಲ ಇದು."

ನಾನು ನನ್ನ ಕೈಯನ್ನೂ ನಲ್ಲಿಯ ಕೆಳಗೆ ಒಡ್ಡಿದೆ. "ನಂದು ಇಷ್ಟು ವರ್ಷ ಆದ್ರೂ ಹೋಗಿಲ್ಲ. ಬನ್ನಿ ಬೀಗರೇ, ಅವಳು ಒಬ್ಬಳೇ ಕೂತಿದ್ದಾಳೆ," ಅಂದೆ.

ರಕ್ತ ಬದಲಾಯಿಸುವ ಕಾಲ ಬರಲಿಲ್ಲ. ಹಳದಿ ಇಳಿಯಿತು, ಮಗು ಹಾಲು ಕುಡಿಯಿತು. ಆದರೆ ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದು ಮಾತು ಅಂದರು: "ಕಿವಿ ಬಗ್ಗೆ ಈಗಲೇ ಹೇಳಕ್ಕಾಗಲ್ಲ. ಮುಂದಿನ ತಿಂಗಳು ಪರೀಕ್ಷೆ ಮಾಡೋಣ."

ಆಗ ನನಗೆ ನೆನಪಾಯಿತು. ಮೂಟೆ ಸುರಿದರೂ ಅಲುಗದ ಆ ರೆಪ್ಪೆ.

ನಾವು ಯಾರೂ ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಯಜಮಾನರು ಗಿರಣಿಗೆ ಬೀಗ ಹಾಕಿಟ್ಟರು, ಮಗುವಿಗೆ ಧೂಳಾಗದಿರಲಿ ಎಂದು. ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ನಾನು ಬೇಕೆಂದೇ ಪಾತ್ರೆಯ ಮುಚ್ಚಳವೊಂದನ್ನು ಕೈಬಿಟ್ಟೆ. ಠಣ್ ಅಂತು. ಮಗು ಅಲುಗಲಿಲ್ಲ. ಗಾಢ ನಿದ್ದೆ ಇರಬೇಕು, ನನಗೆ ನಾನೇ ಹೇಳಿಕೊಂಡೆ. ಎರಡನೇ ಸಲ ಬೀಳಿಸುವ ಧೈರ್ಯ ನನಗಿರಲಿಲ್ಲ. ಬಾಗಿಲಲ್ಲಿ ಬೀಗಿತ್ತಿ ನಿಂತು ನೋಡುತ್ತಿದ್ದರು. ಮುಚ್ಚಳ ಎತ್ತಿಟ್ಟು ಒಳಗೆ ಹೋದರು.

ಎಷ್ಟು ದಿನ ಅಂತ ಗಿರಣಿ ಮುಚ್ಚಲಾದೀತು? ಗಿರಾಕಿಗಳ ಮೂಟೆ ಬಾಗಿಲವರೆಗೂ ಬಂದಿತ್ತು. ಯಜಮಾನರು ಪರದೆಯ ಆಚೆಯಿಂದ, "ಲೇ, ಶುರು ಮಾಡ್ತೀನಿ ಕಣೇ," ಅಂದರು.

ಮಗು ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಮಗಳು ಎತ್ತಿಕೊಳ್ಳಲು ಬಗ್ಗಿದಳು, ನಾನು ಅವಳ ಕೈ ಹಿಡಿದೆ. ಮೋಟರು ಗುಂಯ್ ಅಂತು. ಬೆಲ್ಟು ತಿರುಗಿತು. ಮಗು ಮಾಡನ್ನು ನೋಡುತ್ತಿತ್ತು. ದೇವರೇ, ನನ್ನ ಗಿರಣಿ ಬೇಕಾದರೆ ಸುಟ್ಟುಹೋಗಲಿ ಅಂದುಕೊಂಡೆ. ಅಷ್ಟರಲ್ಲಿ ಆಚೆ ಮೂಟೆ ಸುರಿಯಿತು.

ಮಗುವಿನ ಎರಡೂ ಕೈ ಮೇಲಕ್ಕೆ ಚಿಮ್ಮಿದವು. ಮುಖ ಮುದುಡಿತು. ಮನೆ ಕಿತ್ತುಹೋಗುವ ಹಾಗೆ ಚೀರಿತು.

"ಅಳು ನನ್ನಮ್ಮಾ, ಅಳು!" ಎನ್ನುತ್ತ ಬೀಗಿತ್ತಿ ಹೊಸಿಲ ಮೇಲೆ ಕುಸಿದು ಕೂತು ಅತ್ತರು. ಮಗಳು ಅಳುತ್ತ ನಗುತ್ತ ಮಗುವನ್ನು ಎದೆಗೆ ಅವುಚಿಕೊಂಡಳು. ಅಳು ಕೇಳಿ ಯಜಮಾನರು ಗಾಬರಿಯಿಂದ ಸ್ವಿಚ್ಚಿಗೆ ಕೈ ಹಾಕಿ, "ಹೆದರಿಕೊಂಡಳೇನೇ? ನಿಲ್ಲಿಸಿಬಿಡ್ಲಾ?" ಎಂದು ಕೂಗಿದರು.

"ನಿಲ್ಲಿಸಬೇಡ್ರೀ!" ನಾನು ಕಿರುಚಿದೆ. "ಹಾಕ್ರೀ! ಇನ್ನೊಂದು ಮೂಟೆ ಸುರೀರಿ!"